ಎಂಟು ಸೆಕೆಂಡು

ನಮ್ಮ ಅಡುಗೆಮನೆಯ ಕಿಟಕಿಗೂ
ಹೊಸ ಸ್ಟೇಡಿಯಮ್ಮಿನ ಏಳನೇ ಗೇಟಿಗೂ ನಡುವೆ
ಒಂದು ರಸ್ತೆ, ಒಂದು ಬೇಲಿ,
ಕಾರು ನಿಲ್ಲಿಸಲು ನಲವತ್ತು ಡಾಲರು ಕೇಳುವ ಬಯಲು.
ಕೂಗು ಮೊದಲು ಬರುತ್ತದೆ.
ಟಿವಿಯಲ್ಲಿ ಆಟ ಬರುವುದು ಎಂಟು ಸೆಕೆಂಡು ತಡ.
ಎಲ್ಲೋ ಮೇಲಕ್ಕೆ ಹೋಗಿ, ಉಪಗ್ರಹ ಮುಟ್ಟಿ,
ಯಾರ್ಯಾರಿಗೋ ಸುಂಕ ಕಟ್ಟಿ
ಬೀದಿಯಾಚೆಯಿಂದ ಬೀದಿಯೀಚೆಗೆ ಬರಬೇಕಲ್ಲ, ಪಾಪ.

ಸುಳ್ಳು ಯಾಕೆ, ನಾನೂ 'ಹೌದು' ಅಂತಲೇ ಗುರುತು ಹಾಕಿದವಳು.
ಆ ನವೆಂಬರಿನಲ್ಲಿ ಅಂಗಳಕ್ಕೆ ಫಲಕ ನೆಟ್ಟೆ,
ಸುತ್ತಿಗೆ ಹಿಡಿದವನು ಲೆಷೆಕ್.
ಉಕ್ಕಿನ ಗಿರಣಿ ಹೋಗಿತ್ತು, ಸರೋವರದ ಮೀನು ಹೋಗಿತ್ತು,
ತಂಡವೂ ಹೋದರೆ ಸೋಮವಾರ ಯಾರನ್ನು ಬೈಯುವುದು?
ಮಾಲೀಕರು ಟೆಕ್ಸಾಸಿನ ಯಾವುದೋ ಊರಿನ ಹೆಸರನ್ನು
ಮಾತಿನ ನಡುವೆ ಕೆಮ್ಮಿದ ಹಾಗೆ ಹೇಳುತ್ತಿದ್ದರು.
ಡಾಲರಿಗೆ ಅರ್ಧ ಸೆಂಟು, ಅಷ್ಟೇ ಅಂದರು.
ಎಷ್ಟು ಕಾಲ ಅಂತ ಸಣ್ಣ ಅಕ್ಷರದಲ್ಲಿತ್ತು.
ಹನಿ ಹನಿ ಕೂಡಿದರೆ ಹಳ್ಳ. ನಿಜ, ಹಳ್ಳವೇ ಆಯಿತು.
ಈಗ ದಡದಲ್ಲಿ ಟಿಕೆಟ್ ಕೇಳುತ್ತಾರೆ.

ಆವತ್ತಿನಿಂದ ನನಗೊಂದು ಚಟ.
ಕಾಲುಚೀಲ ಕೊಂಡರೆ ಒಂದು ಸ್ಕ್ರೂ.
ಬಲ್ಬು ಕೊಂಡರೆ ಮೂರು ಎಳೆ ಹುಲ್ಲು.
ಗಲ್ಲಾದ ಹುಡುಗಿ ಲಟೀಶಾ ರಸೀದಿ ಹರಿಯುತ್ತ
"ಇವತ್ತೇನು ಕಟ್ಟಿಸಿದಿರಿ ಮಿಸೆಸ್ ಕ್ರುಪಾ?" ಅನ್ನುತ್ತಾಳೆ.
ಫ್ರಿಜ್ಜು ತಂದ ದಿನ
ಗಂಡಸರ ಪಾಯಿಖಾನೆಗೆ ಒಂದು ನಲ್ಲಿ ಹಾಕಿಸಿದೆ.
ಲೆಷೆಕ್ ಹೋದಾಗ
ಓಕ್ ಮರದ ಪೆಟ್ಟಿಗೆಯ ಬಿಲ್ಲಿನ ಕೆಳಗೂ ಅದೇ ಸಾಲು.
ಮೂಗು ಒರೆಸಿಕೊಂಡು ಲೆಕ್ಕ ಹಾಕಿದೆ:
ಇದು ಒಂದು ಮೆಟ್ಟಿಲು. ಬಹಳ ಮೇಲಿನದು, ಗಾಳಿ ಬೀಸುವ ಕಡೆ.
ಅವನನ್ನು ಅಲ್ಲಿ ಕೂರಿಸಿದ್ದೇನೆ.
ಟಿಕೆಟ್ ನೋಡುವವರಿಗೆ ಗೊತ್ತಿಲ್ಲ.

ಹಳೆಯದರಲ್ಲಿ ನಮಗೊಂದು ಹಲಗೆಯಿತ್ತು, ಕಂಬದ ಹಿಂದೆ.
ಇಣುಕಿ ಇಣುಕಿ ಲೆಷೆಕ್‌ನ ಕತ್ತು
ಇಗರ್ಜಿಯಲ್ಲೂ ಎಡಕ್ಕೇ ವಾಲುತ್ತಿತ್ತು.
ಹಿಮ ಬಿದ್ದರೆ ರಟ್ಟು ಹಾಸಿ ಕೂರುತ್ತಿದ್ದೆವು,
ಫ್ಲಾಸ್ಕಿನಲ್ಲಿ ಬೀಟ್‌ರೂಟ್ ಸಾರು,
ಮುಂದಿನ ಸಾಲಿನ ಪೋಸ್ಟ್‌ಮ್ಯಾನ್ ಎಝೆಲ್‌ಗೂ ಒಂದು ಲೋಟ.

ಹೊಸದರಲ್ಲಿ ಕಂಬವಿಲ್ಲ.
ಮೊದಲು ಕುರ್ಚಿ ಕೊಳ್ಳುವ ಹಕ್ಕನ್ನು ಕೊಳ್ಳಬೇಕು,
ಆಮೇಲೆ ಕುರ್ಚಿ,
ಆಮೇಲೆ ಆಟ.
'ನಮ್ಮ ಪ್ರೀತಿಯ ಕುಟುಂಬಕ್ಕೆ' ಅಂತ ನುಣುಪು ಕಾಗದ ಬಂತು.
ಆ ದುಡ್ಡಿನಲ್ಲಿ ನನ್ನ ಸೂರು ಎರಡು ಸಲ ಹೊದಿಸಬಹುದಿತ್ತು.
ಎಝೆಲ್ ತನ್ನದನ್ನು ನಾಲ್ಕು ಮಡಿಕೆ ಮಾಡಿ
ಕುಂಟುವ ಮೇಜಿನ ಕಾಲಿಗೆ ಕೊಟ್ಟ.
ಮೇಜು ಈಗ ನೆಟ್ಟಗಿದೆ.

ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ
ರಾತ್ರಿ ಅದು ನೀಲಿಯಾಗಿ ಹೊಳೆಯುವಾಗ
ಊರು ಸ್ವಲ್ಪ ಮುಂದಕ್ಕೆ ಬಾಗಿದಂತೆ ಕಾಣುತ್ತದೆ.
ಭಾನುವಾರ ಗ್ರಂಥಾಲಯಕ್ಕೆ ಬೀಗ.
ಹನ್ನೊಂದನೇ ನಂಬರಿನ ಬಸ್ಸು ಇಲ್ಲ.
ಆದರೂ ಕೂಗು ಎದ್ದರೆ
ಸಿಂಕಿನ ಮುಂದೆ ನಿಂತ ನನ್ನ ಕಾಲು ತಾನಾಗಿ ತುದಿಬೆರಳಿಗೆ ಏರುತ್ತದೆ,
ನಾಚಿಕೆಯಿಲ್ಲದ ಕಾಲು.

ಮೊಮ್ಮಗ ಓಲೆಕ್‌ಗೆ ಒಂಬತ್ತು.
ಟಿವಿ ಜೋರಾಗಿಟ್ಟು ಅದಕ್ಕೆ ಮೂಗು ತಾಗಿಸಿ ಕೂರುವವನು.
"ಈಗ ನೋಡು" ಅನ್ನುತ್ತೇನೆ, ಅಂಕ ಬೀಳುತ್ತದೆ.
ಅಜ್ಜಿಗೆ ಏನೋ ವಿದ್ಯೆ ಗೊತ್ತು ಅಂತ ಶಾಲೆಯಲ್ಲಿ ಹೇಳಿದ್ದಾನೆ.

ಮೊನ್ನೆ, ಕೊನೆಯ ಗಳಿಗೆ, ಎರಡು ಅಂಕ ಹಿಂದೆ.
ಒಂದೇ ಒಂದು ಒದೆತ ಬಾಕಿ.
ಕಿಟಕಿಯಿಂದ ಬಂತು
ಅರವತ್ತು ಸಾವಿರ ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು,
ಲಾರಿಯ ಟೈರು ಗಾಳಿ ಕಳೆದುಕೊಂಡ ಹಾಗೆ.
ತೆರೆಯ ಮೇಲೆ ಆಟಗಾರ ಇನ್ನೂ ಹೆಜ್ಜೆ ಅಳೆಯುತ್ತಿದ್ದ.

"ಬಾಬ್ಚಾ, ಹೋಗುತ್ತಾ?"

ಒದ್ದೆ ಕೈಯಲ್ಲೇ ಕಿಟಕಿ ಎಳೆದುಕೊಂಡೆ.
ಚೆಂಡು ಎದ್ದಿತು, ಹುಡುಗ ಎದ್ದ,
ಅವನ ಎರಡೂ ಕೈ ಮೇಲಕ್ಕೆ.
"ನೋಡುತ್ತಿರು," ಅಂದೆ,
"ಇನ್ನೂ ಮೇಲೇ ಇದೆ."